ರಣರಂಗದ ಛಾಯಾಗ್ರಾಹಕ ರಾಬರ್ಟ್ ಕಾಪಾ

ಯುದ್ಧದ ವಾರ್ತೆ ಜನಸಾಮಾನ್ಯರ ಮನೆಯನ್ನು ಮುಟ್ಟುವುದು ಪತ್ರಿಕೆಗಳ ಮೂಲಕ. ಬೆಳಗಿನ ಹೊತ್ತು ಜಗುಲಿಯ ಮೇಲೆ ಕುಳಿತು ಪತ್ರಿಕೆಯನ್ನು ಬಿಡಿಸುವವನ ಕಣ್ಣಿಗೆ ಮೊದಲು ಬೀಳುವುದು ಅಕ್ಷರವಲ್ಲ, ಚಿತ್ರ. ಗುಂಡೇಟಿಗೆ ಕುಸಿಯುವ ಯೋಧ, ಹೊತ್ತಿ ಉರಿಯುವ ಊರು, ಕೂಸನ್ನು ಅಪ್ಪಿಕೊಂಡು ಓಡುವ ತಾಯಿ, ಇವೆಲ್ಲವನ್ನೂ ಕಂಡು ಆತನ ಮನಸ್ಸು ಮರುಗುತ್ತದೆ. ಆದರೆ ಆ ಚಿತ್ರವನ್ನು ತೆಗೆದವನೂ ಅದೇ ನೆಲದ ಮೇಲೆ, ಅವೇ ಗುಂಡುಗಳ ನಡುವೆ ನಿಂತಿದ್ದನೆಂಬುದು ಓದುಗನ ಎಣಿಕೆಗೆ ಬರುವುದು ಅಪರೂಪ. ಅವನಿಗೂ ಒಂದು ಮನೆಯಿತ್ತು, ದಾರಿ ಕಾಯುವ ತಾಯಿಯೊಬ್ಬಳಿದ್ದಳು ಎಂಬುದಂತೂ ಯಾರಿಗೂ ತೋಚುವುದೇ ಇಲ್ಲ. ಅಂಥವರ ಸಾಲಿನಲ್ಲಿ ಅಗ್ರಗಣ್ಯನಾದವನು ರಾಬರ್ಟ್ ಕಾಪಾ. ಹದಿನೆಂಟು ವರ್ಷಗಳಲ್ಲಿ ಐದು ಯುದ್ಧಗಳನ್ನು ಕಂಡು, ನಾಲ್ವತ್ತನೆಯ ವಯಸ್ಸಿಗೆ ರಣರಂಗದಲ್ಲಿಯೇ ಮಡಿದ ಈತನ ಬಾಳು ಸಾಹಸದ ಕಥೆಯಾಗಿರುವಂತೆಯೇ ಒಂದು ಮನೆತನದ ಕಥೆಯೂ ಆಗಿದೆ.

ಕಾಪಾ ಎಂಬುದು ಹೆತ್ತವರಿಟ್ಟ ಹೆಸರಲ್ಲ. 1913ರ ಅಕ್ಟೋಬರ್ 22ರಂದು ಹಂಗೇರಿಯ ರಾಜಧಾನಿ ಬುಡಾಪೆಸ್ಟ್ ನಗರದ ಯೆಹೂದಿ ಕುಟುಂಬವೊಂದರಲ್ಲಿ ಜನಿಸಿದ ಈತನ ಹೆಸರು ಎಂಡ್ರೆ ಫ್ರೀಡ್‌ಮನ್. ತಂದೆ ದೆಜೋ, ತಾಯಿ ಯೂಲಿಯಾ. ದಂಪತಿಗಳು ಸ್ತ್ರೀಯರ ಉಡುಪುಗಳನ್ನು ಹೊಲಿಸಿ ಮಾರುವ ವೃತ್ತಿಯವರು. ವಾಸದ ಮನೆಯೇ ಕೆಲಸದ ಮನೆಯೂ ಆಗಿತ್ತು. ಹೊಲಿಗೆಯ ಯಂತ್ರಗಳ ಸದ್ದು, ಬಟ್ಟೆಯ ರಾಶಿ, ಬಂದುಹೋಗುವ ಗಿರಾಕಿಗಳು, ಇವುಗಳ ನಡುವೆಯೇ ಮೂವರು ಗಂಡುಮಕ್ಕಳು ಬೆಳೆದರು. ಮನೆ, ದುಡಿಮೆ ಎರಡೂ ಒಂದೇ ಸೂರಿನಡಿ ಇರುವ ಇಂಥ ಬಾಳುವೆಯನ್ನು ಮನೆಯೊಳಗೇ ರೇಷ್ಮೆಹುಳುವನ್ನು ಸಾಕಿ ಬಲ್ಲ ಸಾದಲಿ, ಶಿಡ್ಲಘಟ್ಟ ಸೀಮೆಯ ಜನರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎಂಡ್ರೆ ಆ ಮೂವರಲ್ಲಿ ನಡುವಿನವನು. ಕಿರಿಯವನಾದ ಕಾರ್ನೆಲ್ 1918ರಲ್ಲಿ ಹುಟ್ಟಿದನು. ಹಿರಿಯವನಾದ ಲಾಸ್ಲೋ 1935ರಲ್ಲಿ, ಇನ್ನೂ ತಾರುಣ್ಯದಲ್ಲಿಯೇ ಕಾಯಿಲೆಯಿಂದ ತೀರಿಕೊಂಡನು. ಯೂಲಿಯಾಳಿಗೆ ಪುತ್ರಶೋಕದ ಪರಿಚಯವಾದದ್ದು ಹೀಗೆ.

ಆ ಕಾಲದ ಹಂಗೇರಿಯಲ್ಲಿ ಸರ್ವಾಧಿಕಾರದ ಆಳ್ವಿಕೆಯಿತ್ತು. ಎಡಪಂಥದ ವಿದ್ಯಾರ್ಥಿಗಳೊಡನೆ ಸೇರಿದನೆಂಬ ಕಾರಣಕ್ಕೆ 1931ರಲ್ಲಿ ಎಂಡ್ರೆಯನ್ನು ಪೋಲೀಸರು ಬಂಧಿಸಿದರು. ಬಿಡುಗಡೆಯಾದೊಡನೆ ಹದಿನೇಳರ ಆ ಹುಡುಗ ತಾಯ್ನಾಡನ್ನು ತೊರೆದು ಬರ್ಲಿನ್ನಿಗೆ ಹೋಗಿ ಪತ್ರಿಕೋದ್ಯಮದ ವ್ಯಾಸಂಗಕ್ಕೆ ಸೇರಿದನು. ಜಗತ್ತಿನಾದ್ಯಂತ ಹಬ್ಬಿದ್ದ ಆರ್ಥಿಕ ಮುಗ್ಗಟ್ಟಿನಿಂದ ಹೆತ್ತವರ ವ್ಯಾಪಾರ ಕುಸಿಯಿತು. ಮನೆಯಿಂದ ಬರುತ್ತಿದ್ದ ಹಣ ನಿಂತಿತು. ಹೊಟ್ಟೆಪಾಡಿಗಾಗಿ ಆತ ಡೆಫೋಟ್ ಎಂಬ ಚಿತ್ರಸಂಸ್ಥೆಯ ಕತ್ತಲಕೋಣೆಯಲ್ಲಿ ಸಹಾಯಕನಾದನು. 1932ರ ನವೆಂಬರಿನಲ್ಲಿ ಗಡೀಪಾರಾಗಿದ್ದ ರಷ್ಯದ ನಾಯಕ ಟ್ರಾಟ್ಸ್ಕಿ ಕೋಪನ್‌ಹೇಗನ್ನಿನಲ್ಲಿ ಭಾಷಣ ಮಾಡಿದಾಗ, ಪುಟ್ಟ ಕ್ಯಾಮೆರಾ ಒಂದನ್ನು ಹಿಡಿದು ವೇದಿಕೆಯ ಸಮೀಪದಿಂದ ಆತನ ಚಿತ್ರಗಳನ್ನು ತೆಗೆದ ಎಂಡ್ರೆ ಮೊದಲ ಬಾರಿಗೆ ಸಂಪಾದಕರ ಗಮನಕ್ಕೆ ಬಂದನು.

1933ರಲ್ಲಿ ಜರ್ಮನಿಯ ಅಧಿಕಾರ ಹಿಟ್ಲರನ ಕೈಗೆ ಬಂದಿತು. ಯೆಹೂದಿಯಾದ ಎಂಡ್ರೆ ಬರ್ಲಿನ್ನನ್ನು ಬಿಟ್ಟು ಕೊನೆಗೆ ಪ್ಯಾರಿಸ್ಸನ್ನು ಸೇರಿದನು. ಅಲ್ಲಿ ಕೆಲಸವೂ ವಿರಳ, ಊಟವೂ ವಿರಳ. ಆದರೂ ಆ ಬಡತನದ ದಿನಗಳಲ್ಲಿ ಬಾಳಿನುದ್ದಕ್ಕೂ ಉಳಿಯುವ ಗೆಳೆತನಗಳು ಕೂಡಿಬಂದವು. ಮುಂದೆ ಡೇವಿಡ್ ಸೀಮೂರ್ ಎಂದು ಹೆಸರಾದ ಪೋಲೆಂಡಿನ ತರುಣ, ಫ್ರಾನ್ಸಿನ ಹೆನ್ರಿ ಕಾರ್ಟಿಯೆ ಬ್ರೆಸಾನ್ ಇಬ್ಬರೂ ಅಲ್ಲಿಯೇ ಪರಿಚಿತರಾದರು. 1934ರಲ್ಲಿ ಗೆರ್ಟಾ ಪೋಹೊರಿಲೆ ಎಂಬ ತರುಣಿಯ ಪರಿಚಯವಾಯಿತು. ಆಕೆಯೂ ನಾಜಿಗಳ ಹಿಂಸೆಯಿಂದ ತಪ್ಪಿಸಿಕೊಂಡು ಬಂದವಳು. ಇಬ್ಬರೂ ಕೂಡಿ 1936ರಲ್ಲಿ ಒಂದು ಉಪಾಯ ಹೂಡಿದರು. ರಾಬರ್ಟ್ ಕಾಪಾ ಎಂಬ ಶ್ರೀಮಂತ ಅಮೆರಿಕನ್ ಛಾಯಾಗ್ರಾಹಕನೊಬ್ಬನಿರುವನೆಂದೂ ಆತನ ಚಿತ್ರಗಳಿಗೆ ಹೆಚ್ಚಿನ ಬೆಲೆಯೆಂದೂ ಸಂಪಾದಕರನ್ನು ನಂಬಿಸಿ ಎಂಡ್ರೆಯ ಚಿತ್ರಗಳನ್ನು ಮಾರತೊಡಗಿದರು. ಗುಟ್ಟು ಬಹುಕಾಲ ಉಳಿಯಲಿಲ್ಲ, ಹೆಸರು ಮಾತ್ರ ಉಳಿಯಿತು. ಗೆರ್ಟಾ ಕೂಡ ಗೆರ್ಡಾ ಟಾರೋ ಎಂಬ ಹೊಸ ಹೆಸರನ್ನಿಟ್ಟುಕೊಂಡು ತಾನೂ ಕ್ಯಾಮೆರಾ ಹಿಡಿದಳು.

ಅದೇ ವರ್ಷ ಸ್ಪೇನ್ ದೇಶದಲ್ಲಿ ಅಂತರ್ಯುದ್ಧ ಆರಂಭವಾಯಿತು. ಅದುವರೆಗಿನ ಯುದ್ಧಚಿತ್ರಗಳಿಗೂ ಕಾಪಾ ಸ್ಪೇನಿನಿಂದ ಕಳುಹಿದ ಚಿತ್ರಗಳಿಗೂ ಇರುವ ಅಂತರವನ್ನು ಇಲ್ಲಿ ಹೇಳಬೇಕು. 1855ರಲ್ಲಿ ಕ್ರಿಮಿಯಾ ಯುದ್ಧಕ್ಕೆ ಹೋದ ರೋಜರ್ ಫೆಂಟನ್ ಎಂಬ ಆಂಗ್ಲ ಛಾಯಾಗ್ರಾಹಕ ಗಾಜಿನ ಫಲಕಗಳನ್ನೂ ರಾಸಾಯನಿಕಗಳನ್ನೂ ಬಂಡಿಯಲ್ಲಿ ಹೇರಿಕೊಂಡು ಹೋಗಬೇಕಾಗಿತ್ತು. ಒಂದೊಂದು ಚಿತ್ರಕ್ಕೂ ಹಲವು ಸೆಕೆಂಡುಗಳ ಕಾಲ ಬೇಕಾಗಿದ್ದುದರಿಂದ ಕಾದಾಟದ ಚಲನೆ ಆ ಕ್ಯಾಮೆರಾಕ್ಕೆ ಸಿಕ್ಕುತ್ತಿರಲಿಲ್ಲ. ಶಿಬಿರಗಳು, ಸೇನಾನಿಗಳು, ಬರಿದಾದ ಬಯಲು ಇಷ್ಟೇ ಸಿಕ್ಕುತ್ತಿದ್ದವು. 35 ಮಿಲಿಮೀಟರ್ ಫಿಲ್ಮಿನ ಅಂಗೈಯಗಲದ ಕ್ಯಾಮೆರಾ ಬಂದ ಮೇಲೆ ಒಂದೇ ಸುರುಳಿಯಲ್ಲಿ 36 ಚಿತ್ರಗಳನ್ನು ಓಡುತ್ತಲೂ ತೆಗೆಯುವುದು ಸಾಧ್ಯವಾಯಿತು. ಆದರೆ ಸಮೀಪದ ಚಿತ್ರ ಬೇಕಾದರೆ ಸಮೀಪಕ್ಕೆ ಹೋಗಲೇಬೇಕು. ಬಂದೂಕು ಹಿಡಿದವನು ಕಂದಕದಲ್ಲಿ ತಲೆ ತಗ್ಗಿಸಬಹುದು. ಕ್ಯಾಮೆರಾ ಹಿಡಿದವನು ತಲೆ ಎತ್ತದೆ ಕೆಲಸ ಮಾಡಲಾರ. ಹೀಗೆ ಯಂತ್ರ ಹಗುರವಾದಷ್ಟೂ ವೃತ್ತಿಯ ಅಪಾಯ ಭಾರವಾಯಿತು.

1936ರ ಸೆಪ್ಟೆಂಬರಿನಲ್ಲಿ ಕಾಪಾ ತೆಗೆದ ಒಂದು ಚಿತ್ರದಲ್ಲಿ ಗಣರಾಜ್ಯ ಪಕ್ಷದ ಯೋಧನೊಬ್ಬ ಕೈಚಾಚಿ ಹಿಂದಕ್ಕೆ ಬೀಳುತ್ತಿದ್ದಾನೆ, ಬಂದೂಕು ಕೈಯಿಂದ ಜಾರುತ್ತಿದೆ. ಈ ಚಿತ್ರ ಜಗತ್ಪ್ರಸಿದ್ಧವಾಯಿತು. ಅದು ನಿಜವಾದ ಸಾವಿನ ಕ್ಷಣವೋ, ಅಲ್ಲವೋ ಎಂಬ ವಿವಾದ 1970ರ ದಶಕದಿಂದ ನಡೆದುಬಂದಿದೆ. ಚಿತ್ರ ತೆಗೆದ ಸ್ಥಳ ಮೊದಲು ತಿಳಿದಿದ್ದುದಲ್ಲ, ಬೇರೊಂದು ಊರಿನ ಬಯಲೆಂದು ಸಂಶೋಧಕರು ಬೆಟ್ಟಗಳ ರೇಖೆಯನ್ನು ಹೋಲಿಸಿ ತೋರಿಸಿದ್ದಾರೆ. ವಿವಾದ ಮುಗಿದಿಲ್ಲವಾದರೂ, ಕಾಪಾನ ಧೈರ್ಯಕ್ಕೆ ಆ ಒಂದು ಚಿತ್ರದ ಸಾಕ್ಷಿಯೇ ಬೇಕಾಗಿಲ್ಲ. ಮುಂದಿನ ವರ್ಷಗಳೆಲ್ಲ ಅದಕ್ಕೆ ಸಾಕ್ಷಿಯಾಗಿವೆ.

ಗೆರ್ಡಾಳನ್ನು ವಿವಾಹವಾಗಬೇಕೆಂಬುದು ಕಾಪಾನ ಇಚ್ಛೆಯಾಗಿತ್ತು. ಆಕೆ ಒಪ್ಪಲಿಲ್ಲ, ತನ್ನ ಹೆಸರಿನಲ್ಲಿಯೇ ತನ್ನ ಕೆಲಸವನ್ನು ಮುಂದುವರಿಸಿದಳು. 1937ರ ಜುಲೈ ತಿಂಗಳಲ್ಲಿ ಮ್ಯಾಡ್ರಿಡ್ ಸಮೀಪದ ಬ್ರುನೆಟೆಯಲ್ಲಿ ಗಣರಾಜ್ಯದ ಸೈನ್ಯ ಹಿಮ್ಮೆಟ್ಟುತ್ತಿದ್ದಾಗ, ಗಾಯಾಳುಗಳಿದ್ದ ವಾಹನದ ಮೆಟ್ಟಿಲಿನ ಮೇಲೆ ನಿಂತು ಬರುತ್ತಿದ್ದ ಆಕೆ ಟ್ಯಾಂಕೊಂದರ ಆಘಾತಕ್ಕೆ ಸಿಕ್ಕಿ ಮರುದಿನ, ಜುಲೈ 26ರಂದು, ಅಸುನೀಗಿದಳು. ಕಾಪಾ ಆಗ ಪ್ಯಾರಿಸ್ಸಿನಲ್ಲಿದ್ದನು. ಆಗಸ್ಟ್ 1ರಂದು ಆಕೆಯ ಶವಯಾತ್ರೆ ಪ್ಯಾರಿಸ್ಸಿನ ಬೀದಿಗಳಲ್ಲಿ ನಡೆಯಿತು. ಅದು ಆಕೆಯ ಇಪ್ಪತ್ತೇಳನೆಯ ಹುಟ್ಟುಹಬ್ಬದ ದಿನ. ಇಪ್ಪತ್ತಮೂರರ ಕಾಪಾ ಆ ದುಃಖದಿಂದ ಪೂರ್ಣವಾಗಿ ಚೇತರಿಸಿಕೊಂಡನೆಂದು ಅವನನ್ನು ಬಲ್ಲವರು ಎಂದೂ ಹೇಳಲಿಲ್ಲ. 1938ರಲ್ಲಿ ಸ್ಪೇನಿನ ಚಿತ್ರಗಳ ಪುಸ್ತಕವನ್ನು ಹೊರತಂದು ಆಕೆಯ ಹೆಸರಿಗೆ ಅರ್ಪಿಸಿದನು.

ಆ ವರ್ಷವೇ ಚೀನಾದ ಮೇಲೆ ಜಪಾನು ನಡೆಸುತ್ತಿದ್ದ ಯುದ್ಧವನ್ನು ಕಂಡುಬಂದನು. ಡಿಸೆಂಬರಿನಲ್ಲಿ ಲಂಡನ್ನಿನ ಪಿಕ್ಚರ್ ಪೋಸ್ಟ್ ಪತ್ರಿಕೆ ಆತನನ್ನು ಜಗತ್ತಿನ ಅತಿ ಶ್ರೇಷ್ಠ ಯುದ್ಧ ಛಾಯಾಗ್ರಾಹಕನೆಂದು ಸಾರಿತು. ಆಗ ಅವನ ವಯಸ್ಸು ಇಪ್ಪತ್ತೈದು. ಅಷ್ಟರಲ್ಲಿ ತಾಯಿ ಯೂಲಿಯಾ ನ್ಯೂಯಾರ್ಕ್ ನಗರದಲ್ಲಿ ನೆಲೆಸಿದ್ದಳು. ತಮ್ಮ ಕಾರ್ನೆಲ್ ವೈದ್ಯನಾಗಬೇಕೆಂದು ಬಯಸಿದ್ದವನು, ಪ್ಯಾರಿಸ್ಸಿನಲ್ಲಿ ಅಣ್ಣನ ಫಿಲ್ಮುಗಳನ್ನು ತೊಳೆದು ಅಚ್ಚು ತೆಗೆಯುತ್ತಲೇ ಅದೇ ವೃತ್ತಿಗೆ ಒಲಿದು ಆತನೂ ನ್ಯೂಯಾರ್ಕ್ ಸೇರಿದ್ದನು. 1939ರಲ್ಲಿ ಕಾಪಾನೂ ಅಲ್ಲಿಗೆ ಬಂದನು. ಮನೆಯೆಂಬುದು ಅವನಿಗೆ ಇದ್ದರೆ ಅದು ತಾಯಿಯಿದ್ದ ಆ ಸ್ಥಳ. ಆದರೆ ಅಲ್ಲಿ ಆತ ಬಂದುಹೋಗುವ ಅತಿಥಿ.

ಎರಡನೆಯ ಮಹಾಯುದ್ಧದಲ್ಲಿ ಕಾಪಾ ಉತ್ತರ ಆಫ್ರಿಕ, ಸಿಸಿಲಿ, ಇಟಲಿಗಳಲ್ಲಿ ಸೈನ್ಯದೊಡನೆ ಸಾಗಿದನು. 1943ರ ಅಕ್ಟೋಬರ್ 2ರಂದು, ನೇಪಲ್ಸ್ ನಗರ ಮಿತ್ರಸೈನ್ಯದ ವಶವಾದ ಮರುದಿನ, ವೊಮೆರೊ ಎಂಬ ಬಡಾವಣೆಯ ಒಂದು ಶಾಲೆಯ ಮುಂದೆ ಜನ ನೆರೆದಿದ್ದುದನ್ನು ಕಂಡು ಒಳಗೆ ಹೋದನು. ಅಲ್ಲಿ ಇಪ್ಪತ್ತು ಶವಪೆಟ್ಟಿಗೆಗಳಿದ್ದವು. ಮಿತ್ರಸೈನ್ಯ ಬರುವ ಮುನ್ನ, ಜರ್ಮನ್ನರ ವಿರುದ್ಧ ಕದ್ದ ಬಂದೂಕುಗಳನ್ನು ಹಿಡಿದು ಕಾದಿ ಸತ್ತ ಬಾಲಕರ ದೇಹಗಳು ಅವು. ಕೆಲವು ಪೆಟ್ಟಿಗೆಗಳಿಂದ ಮಕ್ಕಳ ಪಾದಗಳು ಹೊರಚಾಚಿದ್ದವು. ಸುತ್ತಲೂ ತಾಯಂದಿರು ಕಪ್ಪುಡುಗೆಯಲ್ಲಿ, ಕೈಯಲ್ಲಿ ಮಕ್ಕಳ ಭಾವಚಿತ್ರಗಳನ್ನು ಹಿಡಿದು ಗೋಳಿಡುತ್ತಿದ್ದರು. ಕಾಪಾ ಟೋಪಿಯನ್ನು ತೆಗೆದನು, ಆಮೇಲೆ ಕ್ಯಾಮೆರಾವನ್ನು ತೆಗೆದನು. ತಾನು ವಿಜಯದ ಚಿತ್ರಗಳನ್ನು ಅನೇಕ ತೆಗೆದಿದ್ದರೂ ಅವುಗಳಲ್ಲಿ ಅತ್ಯಂತ ನಿಜವಾದವು ಆ ಶಾಲೆಯ ಶವಸಂಸ್ಕಾರದ ಚಿತ್ರಗಳೇ ಎಂಬುದು ಆತನ ನೆನಪಿನ ಪುಸ್ತಕದಲ್ಲಿ ದಾಖಲಾಗಿದೆ. ತಾಯಿಯ ದುಃಖದ ಮುಂದೆ ನಿಂತು ಚಿತ್ರ ತೆಗೆದವನು ತನ್ನ ತಾಯಿಯನ್ನು ನೆನೆಯದೆ ಇದ್ದಿರಲಾರ. ಆದರೂ ಆತ ಹಿಂತಿರುಗಲಿಲ್ಲ.

1944ರ ಜೂನ್ 6ರಂದು ಮಿತ್ರಸೈನ್ಯ ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಇಳಿಯಿತು. ಎಲ್ಲಕ್ಕಿಂತ ಹೆಚ್ಚು ರಕ್ತ ಹರಿದ ಒಮಾಹಾ ತೀರದಲ್ಲಿ ಕಾಪಾ ಸೈನಿಕರೊಡನೆ ನೀರಿಗೆ ಇಳಿದನು. ಆ ದಿನದ ಚಿತ್ರಗಳಲ್ಲಿ ಉಳಿದಿರುವವು ಹತ್ತು ಹನ್ನೊಂದು ಮಾತ್ರ. ಲಂಡನ್ನಿನ ಕತ್ತಲಕೋಣೆಯಲ್ಲಿ ಕಾವು ಹೆಚ್ಚಾಗಿ ಉಳಿದವೆಲ್ಲ ಕರಗಿಹೋದವೆಂಬ ಕಥೆ ದಶಕಗಳ ಕಾಲ ನಡೆದುಬಂದಿತು. ಇತ್ತೀಚಿನ ಸಂಶೋಧಕರು ಅದನ್ನು ಸಂದೇಹಿಸಿ, ಆತ ತೆಗೆದದ್ದೇ ಅಷ್ಟಿರಬೇಕೆಂದು ವಾದಿಸಿದ್ದಾರೆ. ಹೇಗೇ ಇರಲಿ, ಅಲೆಯ ನಡುವೆ ತೆವಳುವ ಯೋಧನ ಆ ಮಸುಕು ಚಿತ್ರವೇ ಆ ದಿನದ ಸ್ಮೃತಿಯಾಗಿ ಇಂದಿಗೂ ಉಳಿದಿದೆ. ಮುಂದಿನ ಮಾರ್ಚ್ ತಿಂಗಳಲ್ಲಿ ಪ್ಯಾರಾಚೂಟ್ ಸೈನಿಕರೊಡನೆ ಆತ ಜರ್ಮನಿಯ ನೆಲಕ್ಕೆ ಧುಮುಕಿದನು. ಏಪ್ರಿಲಿನಲ್ಲಿ ಲೈಪ್ಜಿಗ್ ನಗರದ ಮನೆಯೊಂದರ ಮೊಗಸಾಲೆಯಲ್ಲಿ ಅಮೆರಿಕದ ಯುವ ಸೈನಿಕನೊಬ್ಬ ಗುಂಡಿಗೆ ಬಲಿಯಾಗುವುದನ್ನು ಕಣ್ಣೆದುರೇ ಕಂಡು ಚಿತ್ರಿಸಿದನು.

ಯುದ್ಧ ಮುಗಿದಾಗ ಕಾಪಾನಿಗೆ ಬೇರೆಯ ಬಾಳಿನ ಬಾಗಿಲು ತೆರೆಯಿತು. 1945ರ ಜೂನ್‌ನಲ್ಲಿ ಪ್ಯಾರಿಸ್ಸಿನಲ್ಲಿ ಪ್ರಖ್ಯಾತ ಚಿತ್ರನಟಿ ಇಂಗ್ರಿಡ್ ಬರ್ಗ್‌ಮನ್ನಳ ಪರಿಚಯವಾಗಿ ಅದು ಪ್ರೇಮಕ್ಕೆ ತಿರುಗಿತು. ಆಕೆ ತನ್ನ ಹಿಂದಿನ ವಿವಾಹಬಂಧನವನ್ನು ಬಿಟ್ಟು ಬರಲು ಸಿದ್ಧಳಾಗಿದ್ದಳು. ಕಾಪಾ ಹಾಲಿವುಡ್ಡಿಗೂ ಹೋಗಿ ಕೆಲವು ತಿಂಗಳು ನೆಲೆಸಿ ನೋಡಿದನು. ಆದರೆ ವಿವಾಹಕ್ಕೆ ಒಪ್ಪಲಿಲ್ಲ. ಹೆಂಡತಿಯೂ ಕೈಗೂಸೂ ಇರುವವನು ನಾಳೆ ದೂರದ ದೇಶದಲ್ಲಿ ಯುದ್ಧವಾಯಿತೆಂದರೆ ಹೊರಡಲಾರನೆಂಬುದು ಆತನ ಕಾರಣವಾಗಿತ್ತೆಂದು ಆಕೆ 1980ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ತಿಳಿಸಿದ್ದಾಳೆ. ಇದನ್ನು ಕೇವಲ ಸ್ವಾರ್ಥವೆನ್ನುವವರುಂಟು. ಪ್ರತಿಯೊಂದು ಪ್ರಯಾಣಕ್ಕೂ ಒಬ್ಬಳನ್ನು ವಿಧವೆಯನ್ನಾಗಿಸುವ ಭಯವನ್ನು ಹೊತ್ತು ಬಾಳಲಾರದವನ ಪ್ರಾಮಾಣಿಕತೆಯೆನ್ನುವವರೂ ಉಂಟು. ಎರಡೂ ಸ್ವಲ್ಪಸ್ವಲ್ಪ ನಿಜವಿರಬಹುದು. ಆದರೆ ಆತ ಮರೆತ ಒಂದು ಮಾತುಂಟು: ಸಂಸಾರವನ್ನು ಹೂಡದಿದ್ದವನಿಗೂ ಹುಟ್ಟಿದ ಸಂಸಾರ ಇದ್ದೇ ಇರುತ್ತದೆ. ಹೆಂಡತಿಯನ್ನು ವಿಧವೆಯಾಗಿಸದಂತೆ ಎಚ್ಚರ ವಹಿಸಿದವನು ತಾಯಿಯ ಭಯವನ್ನು ನೀಗಿಸಲಾರದೆ ಹೋದನು.

ಮನೆಯನ್ನು ಕಟ್ಟದ ಕಾಪಾ 1947ರಲ್ಲಿ ಮತ್ತೊಂದು ಬಗೆಯ ಮನೆಯನ್ನು ಕಟ್ಟಿದನು. ಕಾರ್ಟಿಯೆ ಬ್ರೆಸಾನ್, ಡೇವಿಡ್ ಸೀಮೂರ್, ಜಾರ್ಜ್ ರೋಜರ್ ಮೊದಲಾದ ಗೆಳೆಯರೊಡನೆ ಮ್ಯಾಗ್ನಮ್ ಎಂಬ ಸಹಕಾರಿ ಸಂಸ್ಥೆಯನ್ನು ಸ್ಥಾಪಿಸಿದನು. ಅದುವರೆಗೆ ಚಿತ್ರದ ಹಕ್ಕು ಸಾಮಾನ್ಯವಾಗಿ ಪತ್ರಿಕೆಗೆ ಸೇರುತ್ತಿತ್ತು. ತೆಗೆದವನಿಗೇ ಹಕ್ಕು ಉಳಿಯಬೇಕು, ಬಂದ ಲಾಭದಲ್ಲಿ ಸಂಸ್ಥೆಯ ಪಾಲನ್ನು ಕಳೆದು ಉಳಿದದ್ದು ಆತನಿಗೇ ಸಲ್ಲಬೇಕೆಂಬುದು ಮ್ಯಾಗ್ನಮ್ಮಿನ ತತ್ತ್ವ. ಬ್ರೆಸಾನ್ ಅದೇ ಸಂಸ್ಥೆಯ ಪರವಾಗಿ ಭಾರತಕ್ಕೆ ಬಂದು, 1948ರ ಜನವರಿ 30ರಂದು ಗಾಂಧೀಜಿಯವರನ್ನು ಅವರ ಹತ್ಯೆಗೆ ಸ್ವಲ್ಪವೇ ಮುಂಚೆ ಕಂಡು, ಅನಂತರ ಅವರ ಅಂತ್ಯಯಾತ್ರೆಯನ್ನು ಚಿತ್ರಿಸಿದನು. ಸ್ವಿಟ್ಜರ್ಲೆಂಡಿನ ವೆರ್ನರ್ ಬಿಷಫ್ 1951ರಲ್ಲಿ ಬಿಹಾರದ ಕ್ಷಾಮದ ಚಿತ್ರಗಳನ್ನು ತೆಗೆದು ಹೊರಜಗತ್ತಿನ ಕಣ್ಣು ತೆರೆಸಿದವನು, ಆತನೂ ಮ್ಯಾಗ್ನಮ್ಮಿನವನೇ.

ಯುದ್ಧ ಛಾಯಾಗ್ರಾಹಕನಿಗೆ ಕೆಲಸವಿಲ್ಲದಂಥ ಕಾಲ ಬರಬೇಕೆಂಬುದೇ ತನ್ನ ಹಾರೈಕೆಯೆಂದು ಕಾಪಾ ಹೇಳಿಕೊಳ್ಳುತ್ತಿದ್ದನು. 1947ರಲ್ಲಿ ಲೇಖಕ ಜಾನ್ ಸ್ಟೈನ್‌ಬೆಕ್‌ನೊಡನೆ ಸೋವಿಯೆತ್ ದೇಶವನ್ನು ಸುತ್ತಿ ಸಾಮಾನ್ಯ ಜನರ ಬಾಳನ್ನು ಚಿತ್ರಿಸಿದನು. 1948ರಲ್ಲಿ ಹೊಸದಾಗಿ ಉದಯಿಸಿದ ಇಸ್ರೇಲಿಗೆ ಹೋದಾಗ ಟೆಲ್ ಅವೀವ್ ತೀರದ ಗುಂಡಿನ ಕಾಳಗದಲ್ಲಿ ಒಂದು ಗುಂಡು ಅವನನ್ನು ಸವರಿಕೊಂಡು ಹೋಯಿತು. ಗಾಯ ಚಿಕ್ಕದು, ಎಚ್ಚರಿಕೆ ದೊಡ್ಡದು. ಇನ್ನು ಯುದ್ಧ ಸಾಕೆಂದು ಆತ ನಿಶ್ಚಯಿಸಿದನು. 1950ರಲ್ಲಿ ಕೊರಿಯಾ ಯುದ್ಧ ಆರಂಭವಾದಾಗಲೂ ಹೋಗಲಿಲ್ಲ. ಪ್ಯಾರಿಸ್ಸಿನಲ್ಲಿದ್ದು ಮ್ಯಾಗ್ನಮ್ಮಿನ ಲೆಕ್ಕಪತ್ರ, ಸಾಲಸೋಲಗಳನ್ನು ನೋಡಿಕೊಳ್ಳುತ್ತ, ಎಳೆಯ ಛಾಯಾಗ್ರಾಹಕರಿಗೆ ದಾರಿ ತೋರುತ್ತ ಕಾಲ ಕಳೆದನು.

1954ರ ಏಪ್ರಿಲಿನಲ್ಲಿ ಜಪಾನಿನ ಪತ್ರಿಕಾಸಂಸ್ಥೆಯೊಂದರ ಆಹ್ವಾನದ ಮೇಲೆ ಆ ದೇಶಕ್ಕೆ ಹೋಗಿ ಮಕ್ಕಳ ಚಿತ್ರಗಳನ್ನು ತೆಗೆಯುತ್ತ ಸಂತೋಷದಿಂದಿದ್ದನು. ಆ ವೇಳೆಗೆ ಇಂಡೋಚೀನಾದಲ್ಲಿ ಫ್ರೆಂಚರಿಗೂ ವಿಯೆಟ್ನಾಮಿನ ಸ್ವಾತಂತ್ರ್ಯವಾದಿಗಳಿಗೂ ನಡೆಯುತ್ತಿದ್ದ ಯುದ್ಧ ಕೊನೆಯ ಘಟ್ಟವನ್ನು ಮುಟ್ಟಿತ್ತು. ಅಲ್ಲಿದ್ದ ಲೈಫ್ ಪತ್ರಿಕೆಯ ಛಾಯಾಗ್ರಾಹಕ ತಾಯಿಯ ಅನಾರೋಗ್ಯದ ನಿಮಿತ್ತ ಊರಿಗೆ ಮರಳಬೇಕಾಗಿತ್ತು. ಅವನ ಬದಲಿಗೆ ಒಂದು ತಿಂಗಳ ಮಟ್ಟಿಗೆ ಹೋಗಬಲ್ಲೆಯಾ ಎಂದು ಪತ್ರಿಕೆ ಕಾಪಾನನ್ನು ಕೇಳಿತು. ಮ್ಯಾಗ್ನಮ್ಮಿನ ಗೆಳೆಯ ಜಾನ್ ಮಾರಿಸ್ ನ್ಯೂಯಾರ್ಕಿನಿಂದ ದೂರವಾಣಿಯಲ್ಲಿ ಮಾತನಾಡಿ, ಇದು ನಮ್ಮ ಯುದ್ಧವಲ್ಲ, ಹೋಗಬೇಕಾದ ಅಗತ್ಯವಿಲ್ಲವೆಂದು ತಡೆಯಲು ನೋಡಿದನು. ಕಾಪಾ ಒಪ್ಪಿಕೊಂಡಾಗಿತ್ತು. ಪರರ ತಾಯಿಯ ಬಳಿಗೆ ಮಗನನ್ನು ಕಳುಹಿಸಲು ಈ ತಾಯಿಯ ಮಗ ರಣರಂಗಕ್ಕೆ ಹೊರಟನು.

1954ರ ಮೇ 25ರಂದು ಫ್ರೆಂಚ್ ಸೈನ್ಯದ ಒಂದು ತುಕಡಿ ಕೆಂಪುನದಿಯ ಮುಖಜಭೂಮಿಯಲ್ಲಿ ನಾಮ್ ದಿನ್ಹ್ ಪಟ್ಟಣದಿಂದ ಹೊರಟಿತು. ದಾರಿಯ ಎರಡು ಬದಿಗೂ ಬತ್ತದ ಗದ್ದೆಗಳು. ಹಾದಿಯಲ್ಲಿ ತಡೆಯುಂಟಾಗಿ ವಾಹನಗಳು ನಿಂತಾಗಲೆಲ್ಲ ಕಾಪಾ ಇಳಿದು ಗದ್ದೆಯ ಬದಿಯಲ್ಲಿ ಮುಂದೆ ಹೋಗಿ ಚಿತ್ರ ತೆಗೆಯುತ್ತಿದ್ದನು. ಕೊನೆಯ ಫಿಲ್ಮಿನಲ್ಲಿ ಹುಲ್ಲಿನ ಬಯಲಿನಲ್ಲಿ ಬೆನ್ನು ತೋರಿ ಸಾಗುವ ಸೈನಿಕರ ಚಿತ್ರವಿದೆ. ಮಧ್ಯಾಹ್ನ ಮೂರು ಗಂಟೆಯ ಸುಮಾರಿಗೆ ನೆಲದಲ್ಲಿ ಹುದುಗಿಸಿದ್ದ ಸಿಡಿಮದ್ದಿನ ಮೇಲೆ ಆತನ ಕಾಲು ಬಿತ್ತು. ಜೊತೆಯವರು ಓಡಿಬಂದು ನೋಡಿದಾಗ ಕ್ಯಾಮೆರಾ ಇನ್ನೂ ಕೈಯಲ್ಲಿಯೇ ಇತ್ತು. ಚಿಕಿತ್ಸಾಲಯಕ್ಕೆ ತರುವಷ್ಟರಲ್ಲಿ ಪ್ರಾಣ ಹೋಗಿತ್ತು. ಅದಕ್ಕೆ ಒಂಬತ್ತು ದಿನಗಳ ಹಿಂದೆ, ಮೇ 16ರಂದು, ಬಿಹಾರದ ಚಿತ್ರಗಳ ಬಿಷಫ್ ಪೆರು ದೇಶದ ಪರ್ವತದ ಹಾದಿಯಲ್ಲಿ ವಾಹನ ಉರುಳಿ ಸತ್ತಿದ್ದನು. ಆತನಿಗೆ ಹೆಂಡತಿಯಿದ್ದಳು, ಪುಟ್ಟ ಮಗನಿದ್ದನು. ಎರಡನೆಯ ಮಗು ತಂದೆಯ ಮರಣಾನಂತರ ಹುಟ್ಟಿತು. ಎರಡು ಸಾವಿನ ವಾರ್ತೆಗಳೂ ಮ್ಯಾಗ್ನಮ್ಮಿಗೆ ಒಟ್ಟಿಗೆ ಎಂಬಂತೆ ಬಂದು ಮುಟ್ಟಿದವು. ಸಂಸಾರ ಕಟ್ಟಿದವನ ಮನೆ, ಕಟ್ಟದವನ ಮನೆ ಎರಡೂ ಒಂದೇ ಸಮನಾಗಿ ಕತ್ತಲಾದವು.

ಫ್ರೆಂಚ್ ಸರ್ಕಾರ ಮೃತನಿಗೆ ಯುದ್ಧಶೌರ್ಯದ ಪದಕವನ್ನು ನೀಡಿತು. ಅಮೆರಿಕದ ವೀರಯೋಧರನ್ನು ಹೂಳುವ ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ಸ್ಥಳ ಕೊಡುವ ಮಾತೂ ಬಂದಿತು. ಯೂಲಿಯಾ ಅದನ್ನು ಒಪ್ಪಲಿಲ್ಲ. ತನ್ನ ಮಗ ಸೈನಿಕನಲ್ಲ, ಯುದ್ಧವನ್ನು ದ್ವೇಷಿಸಿದವನು ಎಂಬುದು ಆಕೆಯ ನಿಲುವಾಗಿತ್ತು. ನ್ಯೂಯಾರ್ಕಿನ ಉತ್ತರಕ್ಕಿರುವ ಅಮಾವಾಕ್ ಎಂಬ ಸಣ್ಣ ಊರಿನಲ್ಲಿ, ಯುದ್ಧವನ್ನು ಧರ್ಮದೃಷ್ಟಿಯಿಂದಲೇ ನಿರಾಕರಿಸುವ ಕ್ವೇಕರ್ ಪಂಥದವರ ಸ್ಮಶಾನದಲ್ಲಿ ಅವನನ್ನು ಮಣ್ಣು ಮಾಡಲಾಯಿತು. ಬದುಕಿದ್ದಾಗ ಮಗನ ಹಾದಿಯನ್ನು ಬದಲಿಸಲಾರದೆ ಹೋದ ತಾಯಿ, ಆ ಹಾದಿಯ ಅರ್ಥವೇನೆಂಬುದನ್ನು ಲೋಕಕ್ಕೆ ತಾನೇ ತಿಳಿಸಿದಳು. ಕೀರ್ತಿಯ ಸಮಾಧಿಗಿಂತ ಮಗನ ಮನಸ್ಸಿಗೆ ಒಪ್ಪುವ ಸಮಾಧಿ ದೊಡ್ಡದೆಂದು ಎಣಿಸಿದ ಆ ಹಿರಿಯಳ ವಿವೇಕಕ್ಕೆ ತಲೆಬಾಗದವರಾರು?

ಮನೆಯ ಉಳಿದ ಮಗ ಕಾರ್ನೆಲ್, ಲೈಫ್ ಪತ್ರಿಕೆಯ ಕೆಲಸವನ್ನು ಬಿಟ್ಟು ಅದೇ ವರ್ಷ ಮ್ಯಾಗ್ನಮ್ಮನ್ನು ಸೇರಿದನು. ಎರಡು ವರ್ಷಗಳಲ್ಲಿ, 1956ರ ನವೆಂಬರಿನಲ್ಲಿ, ಡೇವಿಡ್ ಸೀಮೂರನೂ ಸೂಯೆಜ್ ಕಾಲುವೆಯ ಬಳಿ ಗುಂಡಿಗೆ ಬಲಿಯಾದನು. ಹೀಗೆ ಸತ್ತವರ ನೆಗೆಟಿವ್‌ಗಳು ಪೆಟ್ಟಿಗೆಗಳಲ್ಲಿ ಕೊಳೆತು ಹೋಗಬಾರದೆಂಬ ಹಟದಿಂದ ಕಾರ್ನೆಲ್ ದುಡಿದನು. 1966ರಲ್ಲಿ ಅದಕ್ಕಾಗಿ ಒಂದು ನಿಧಿಯನ್ನೂ 1974ರಲ್ಲಿ ನ್ಯೂಯಾರ್ಕಿನಲ್ಲಿ ಅಂತರರಾಷ್ಟ್ರೀಯ ಛಾಯಾಚಿತ್ರ ಕೇಂದ್ರವನ್ನೂ ಸ್ಥಾಪಿಸಿದನು. ಅಲ್ಲಿ ಸಂಗ್ರಹಾಲಯವೂ ಶಾಲೆಯೂ ಕೂಡಿಯೇ ಬೆಳೆದವು. 2007ರಲ್ಲಿ, ಏಳು ದಶಕಗಳ ಕಾಲ ಕಳೆದುಹೋಗಿದ್ದ ಸ್ಪೇನ್ ಯುದ್ಧದ ಸುಮಾರು 4500 ನೆಗೆಟಿವ್‌ಗಳು ಮೆಕ್ಸಿಕೋ ದೇಶದಲ್ಲಿ ದೊರೆತು ಆ ಕೇಂದ್ರಕ್ಕೆ ಬಂದವು. ಕಾಪಾ, ಗೆರ್ಡಾ, ಸೀಮೂರ್ ಮೂವರ ಚಿತ್ರಗಳೂ ಅವುಗಳಲ್ಲಿ ಬೆರೆತಿದ್ದವು. ಅದನ್ನು ಕಂಡ ಬಳಿಕ, 2008ರ ಮೇ 23ರಂದು, ತೊಂಬತ್ತು ವರ್ಷಗಳ ಕಾರ್ನೆಲ್ ಕಣ್ಮುಚ್ಚಿದನು. ಅಮಾವಾಕ್‌ನ ನೆಲದಲ್ಲಿ ತಾಯಿಯ, ಅಣ್ಣನ ಬಳಿಯಲ್ಲಿಯೇ ಆತನೂ ಮಲಗಿದ್ದಾನೆ.

ಜಗತ್ತಿಗೆ ಕಾಪಾನಂಥವರು ಬೇಕು. ಅವರಿಲ್ಲದಿದ್ದರೆ ಯುದ್ಧವೆಂಬುದು ಸೇನಾನಿಗಳ ಪ್ರಕಟಣೆಗಳಲ್ಲಿ ಗೆದ್ದ ಸೋತ ಊರುಗಳ ಪಟ್ಟಿಯಾಗಿಯಷ್ಟೇ ಉಳಿಯುತ್ತಿತ್ತು; ನೇಪಲ್ಸ್‌ನ ಶಾಲೆಯಲ್ಲಿ ಅತ್ತ ತಾಯಂದಿರ ಮುಖ ಯಾರಿಗೂ ಕಾಣುತ್ತಿರಲಿಲ್ಲ. ಆದರೆ ಅಂಥ ಕೆಲಸದ ಬೆಲೆಯನ್ನು ಮಾಡಿದವನೊಬ್ಬನೇ ತೆರುವುದಿಲ್ಲ, ಮನೆಯಲ್ಲಿ ಕಾದಿರುವವರೂ ತೆರುತ್ತಾರೆ. ಪದಕಗಳಲ್ಲಿ ಅವರ ಹೆಸರು ಇರುವುದಿಲ್ಲ. ಕಾಪಾನ ಹೆಸರನ್ನು ಗೌರವದಿಂದ ನೆನೆಯುವವರು, ಬುಡಾಪೆಸ್ಟಿನ ಹೊಲಿಗೆಯ ಮನೆಯಿಂದ ಅಮಾವಾಕ್‌ನ ಸ್ಮಶಾನದವರೆಗೆ ಇಬ್ಬರು ಮಕ್ಕಳ ಶವಸಂಸ್ಕಾರವನ್ನು ಕಂಡ ಯೂಲಿಯಾಳನ್ನೂ, ಅಣ್ಣನ ಕೆಲಸವನ್ನು ಐದು ದಶಕಗಳ ಕಾಲ ಹೊತ್ತು ನಡೆದ ಕಾರ್ನೆಲ್‌ನನ್ನೂ ಅದೇ ಗೌರವದಿಂದ ನೆನೆಯುವುದು ನ್ಯಾಯ.